ಎರಡು ಬೆರಳು ಮೇಲಕ್ಕೆ

ನಾಲ್ಕು ಸಾವಿರ ರೂಪಾಯಿ,
ಮೇಲೆ ಅವನ ಹೆಂಡತಿಗೆ ಎರಡು ರವಿಕೆ ಪುಕ್ಕಟೆ.
ಹಾಗೆ ಕುದುರಿತು ವ್ಯಾಪಾರ, ಹೊಸಹಳ್ಳಿಯ ಚಿರಂತನ ಹತ್ತಿರ.
ಅವನೀಗ ಬುಲೆಟ್ಟು ಕೊಂಡಿದ್ದಾನೆ.
ರೇಸಿನ ಸೈಕಲ್ಲು ಹಿತ್ತಿಲ ನಲ್ಲಿಯ ಪಕ್ಕ
ಒಗೆದ ಟವೆಲು ಹೊತ್ತು ನಿಂತಿತ್ತು.

ಸಕ್ಕರೆಯ ಊರಲ್ಲಿ ನನಗೂ ಸಕ್ಕರೆ ಬಂದದ್ದಕ್ಕೆ
ಡಾಕ್ಟರು ದಿನಾ ನಡೀರಿ ಅಂದಿದ್ದರು.
ನಡೆಯುವುದೆಂದರೆ ನನಗೆ ಮೊದಲಿಂದ ಬೇಜಾರು.

ಟಗರಿನ ಕೊಂಬಿನ ಹಾಗೆ ಕೆಳಗೆ ಸುತ್ತಿದ ಹ್ಯಾಂಡಲ್ಲು.
ಅದರ ಟೇಪು ಎಡಗಡೆ ಮಾತ್ರ ಸವೆದಿದೆ:
ಹುಡುಗ ಎಡಕ್ಕೆ ಭಾರ ಬಿಡುತ್ತಿದ್ದ.
ಬಟ್ಟೆ ಹೊಲಿಯುವವಳಿಗೆ ಇದನ್ನು ಹೇಳಿಕೊಡಬೇಕಿಲ್ಲ.
ಹಳೆ ಅಂಗಿ ಕೈಗೆ ಬಂದರೆ ಸಾಕು,
ಯಾವ ಭುಜಕ್ಕೆ ಚೀಲ ಹಾಕುತ್ತಿದ್ದರು,
ಯಾವ ಮೊಣಕೈ ಮೇಜಿಗೆ ಊರುತ್ತಿದ್ದರು,
ಎಲ್ಲ ಅಲ್ಲೇ ಇರುತ್ತದೆ.

ಮೊದಲ ದಿನ ಗುತ್ತಲು ರಸ್ತೆಯಲ್ಲಿ ಒಂದು ಸುತ್ತು.
ಕಂಡದ್ದು ಮುಂದಿನ ಟೈರು, ಎರಡು ಹಂಪು, ನನ್ನದೇ ಚಪ್ಪಲಿ.
ಇಪ್ಪತ್ತೇಳು ವರ್ಷ ಮಿಷನ್ನಿನ ಮೇಲೆ ಬಗ್ಗಿದ್ದೇನೆ
ಸೂಜಿಯ ಕೆಳಗೆ ಓಡುವ ಬಟ್ಟೆ ನೋಡುತ್ತಾ.
ದುಡ್ಡು ಕೊಟ್ಟು ಇನ್ನೊಂದು ಕಡೆ ಬಗ್ಗುವುದಕ್ಕೆ
ನನಗೇನು ಹುಚ್ಚೇ?

ಖಲಂದರ್ ಸಾಬರು ಕೂತಲ್ಲಿಂದಲೇ ನೋಡಿದರು.
"ಹ್ಯಾಂಡಲ್ ಎತ್ತಬೋದು ಟೈಲರಮ್ಮ,
ಆದ್ರೆ ರಾಡಿಗೆ ತುಕ್ಕು ಕಚ್ಚಿದೆ, ಜಗ್ಗಿದ್ರೆ ಬರಲ್ಲ.
ಎಣ್ಣೆ ಕುಡಿಸಿ, ರಾತ್ರಿಯೆಲ್ಲ ಮಲಗ್ಸಿ."
ಸೀಮೆಎಣ್ಣೆ ಈಗ ಎಲ್ಲಿ ಸಿಗುತ್ತದೆ?
ಮಿಷನ್ನಿಗೆ ಬಿಡುವ ಎಣ್ಣೆಯನ್ನೇ ಬಿಟ್ಟೆ,
ಒಂದು ಹನಿ, ಸ್ವಲ್ಪ ತಾಳಿ ಮತ್ತೊಂದು ಹನಿ,
ಕೂಸಿನ ಕಿವಿಗೆ ಬಿಟ್ಟ ಹಾಗೆ.

ಬೆಳಿಗ್ಗೆ ಅವರು ಬೋಲ್ಟನ್ನು ನಾಲ್ಕು ಸುತ್ತು ಸಡಿಲಿಸಿ
ಮೇಲೊಂದು ಮರದ ತುಂಡಿಟ್ಟು
ಸುತ್ತಿಗೆಯಿಂದ ಒಂದೇ ಪೆಟ್ಟು.
ಒಳಗೆಲ್ಲೋ ಟಕ್ ಎಂದಿತು.
ಮುಂದಿನ ಚಕ್ರವನ್ನು ನಾನು ಮಂಡಿಯಲ್ಲಿ ಒತ್ತಿ ಹಿಡಿದೆ,
ಅವರು ಆ ಕಡೆ ಈ ಕಡೆ ತಿರುವಿ ಎಳೆದರು.
ಹಟಮಾರಿ ಹಲ್ಲು ಬಂದ ಹಾಗೆ ಬಂತು.

ಬೆಳಕು ಕಾಣದ ಆ ಭಾಗ ಎಷ್ಟು ಹೊಳೆಯುತ್ತಿತ್ತು!
ಅದರ ಮೇಲೊಂದು ಅಡ್ಡಗೆರೆ.
"ಈ ಗೆರೆ ಹೊರಗೆ ಕಾಣಬಾರದು," ಅಂದರು ಸಾಬರು,
"ಕಂಡ್ರೆ, ಯಾವತ್ತೋ ಒಂದಿನ ಹ್ಯಾಂಡಲ್ ನಿಮ್ ಕೈಲಿರ್ತದೆ,
ನೀವು ರೋಡಲ್ಲಿರ್ತೀರಿ."
ನನಗೆ ನಗು ಬಂತು.
ರವಿಕೆಯ ಪಕ್ಕೆಯಲ್ಲಿ ನಾನು ಮಡಿಸಿ ಬಿಡುವುದೂ ಇದೇ ತಾನೇ,
ಯಾರಿಗೂ ಕಾಣದ ಒಂದೂವರೆ ಇಂಚು.
ಆಸೆಪಟ್ಟು ಅದನ್ನೂ ಪೂರ್ತಿ ಬಿಚ್ಚಿಸಿಕೊಂಡವರ ಹೊಲಿಗೆ
ಛತ್ರದಲ್ಲೇ, ಎಲೆಯ ಮುಂದೆಯೇ ಪರ್ರನೆ ಹರಿದದ್ದುಂಟು.

ಬಳಪದಲ್ಲಿ ಗುರುತು ಹಾಕಿದೆ: ಮೂರು ಬೆರಳು.
ಎತ್ತಿದರು, ಬಿಗಿದರು.
ಚಕ್ರ ತಿರುಗಲಿಲ್ಲ.
ಬ್ರೇಕಿನ ಕೇಬಲ್ಲು ಚಿರಂತನ ಅಳತೆಗೆ ಕತ್ತರಿಸಿದ್ದು,
ಗಿಡ್ಡ ಲಾಡಿಯ ಹಾಗೆ ಸೆಟೆದು ನಿಂತಿತ್ತು.
ಹೊಸದಕ್ಕೆ ನೂರಿಪ್ಪತ್ತು, ಅದೂ ಮೈಸೂರಿಂದ ಬರಬೇಕು,
ಅದೂ ಸೋಮವಾರ.
ಎರಡು ಬೆರಳಿಗೇ ನಿಲ್ಲಿಸಿ ಅಂದೆ.
ಸಾಬರು ಚಕ್ರ ತಿರುವಿ ಕಿವಿಗೊಟ್ಟರು,
ನಾನೂ ಕೊಟ್ಟೆ.

ಇವತ್ತು ಸಂಜೆ ನಾಲೆಯ ಏರಿ ಮೇಲೆ ಹೊರಟೆ.
ಇನ್ನೂ ಬಗ್ಗಿಯೇ ಇದ್ದೇನೆ, ಸುಳ್ಳು ಯಾಕೆ ಹೇಳಲಿ.
ಆದರೆ ಕತ್ತು ನೋಯಿಸದೆ ಕಾಣುತ್ತದೆ
ನಾಟಿಯಾದ ಗದ್ದೆ, ನೀರಲ್ಲಿ ಒಂಟಿಕಾಲು ಮಡಿಸಿದ ಕೊಕ್ಕರೆ,
ಆಲೆಮನೆಯ ಹೊಗೆ ಯಾವ ಕಡೆ ವಾಲಿದೆ ಎಂಬುದು.

ಹಿಂದಿನಿಂದ ಬುಲೆಟ್ಟು ಗುಡುಗಿತು.
ಚಿರಂತ ನಿಧಾನ ಮಾಡಿ ಹ್ಯಾಂಡಲ್ಲು ನೋಡಿದ.
ಮುಖ ಸಣ್ಣಗಾಯಿತು.
"ಅಯ್ಯೋ, ಯಾಕಕ್ಕ ಎತ್ತಿಸ್ದೆ?
ಎದೆಗೆ ಗಾಳಿ ಹೊಡಿತದೆ, ಸ್ಪೀಡೇ ಬರಲ್ಲ."
"ಹೊಡೀಲಿ ಬುಡು," ಅಂದೆ.
"ರವಿಕೆ ರೆಡಿ ಆಗವೆ, ನಾಳೆ ಬಂದು ಈಸ್ಕೊಂಡೋಗು."