ಏಳನೆಯ ಪೆಟ್ಟಿಗೆ

ಟಾರ್ಚು ಇತ್ತ ಹಿಡಿ ಕೆನ್ರಿಕ್, ನನ್ನ ಮುಖಕ್ಕಲ್ಲ.
ಸೀಟು ಎತ್ತಿ ಆ ತೆಂಗಿನ ಬುಡಕ್ಕೆ ಆನಿಸು.
ನೋಡು, ಆರು ಪೆಟ್ಟಿಗೆ, ಭುಜಕ್ಕೆ ಭುಜ ಕೊಟ್ಟು ಕೂತಿವೆ,
ನೆತ್ತಿಯ ಮೇಲೆ ನೀಲಿ-ಹಸಿರು ಬೂಷ್ಟು ಬೆಳೆಸಿಕೊಂಡು
ಹಳೇ ದೋಣಿಯ ತಳದ ಹಾಗೆ.

ಈ ದ್ವೀಪದಲ್ಲಿ ಕಾರಿಲ್ಲ, ಲಾರಿಯಿಲ್ಲ.
ಬಸುರಿಯನ್ನು ಜೆಟ್ಟಿಗೆ ಒಯ್ಯುವುದೂ ಇದೇ ಗಾಲ್ಫ್ ಗಾಡಿ,
ಗ್ಯಾಸ್ ಸಿಲಿಂಡರಿಗೂ ಇದೇ, ಮದುಮಗಳಿಗೂ ಇದೇ.
ಗಾಲ್ಫ್ ಆಡಿದವರನ್ನು ಮಾತ್ರ ನಾನಿನ್ನೂ ಕಂಡಿಲ್ಲ.
ನಾಳೆ ಹತ್ತಕ್ಕೆ ಎವರಿಸ್ತೊ ಹೋಗುವುದೂ ಇದರಲ್ಲೇ,
ತನ್ನದೇ ಗಾಡಿಯ ಹಿಂಬದಿಯಲ್ಲಿ, ಬಾಡಿಗೆ ಕೊಡದೆ.

ಮೊದಲು ಋಣದ ತಂತಿ ಬಿಚ್ಚು, ಕಪ್ಪಗಿನದು.
ಆಮೇಲೆ ಧನದ್ದು.
ಬಿಚ್ಚುವಾಗ ಋಣ ಮೊದಲು, ಕಟ್ಟುವಾಗ ಋಣ ಕೊನೆಗೆ.
ಉಂಗುರ ತೆಗೆದಿಡು. ಜೇಬಿಗೆ ಬೇಡ, ನಿನ್ನ ಜೇಬು ತೂತು,
ಹೋದ ವಾರ ಆಸಿಡ್ ತಿಂದದ್ದು ಮರೆತೆಯಾ?

ಮುಚ್ಚಳಗಳೆಲ್ಲ ಬಿಗಿ ತಾನೆ?
ಸೋಡಾಪುಡಿಯ ನೀರು ಒಂದು ಹನಿಯೂ ಒಳಗಿಳಿಯಕೂಡದು.
ಈಗ ಸುರಿ.
ಕೇಳಿಸಿತೇ ಬುಸ್ಸೆಂದದ್ದು?
ವರ್ಷಗಟ್ಟಲೆ ಉಪ್ಪುಗಾಳಿ ಕುಡಿದ ಸಿಟ್ಟು ಅದು, ಕಾರಿಕೊಳ್ಳಲಿ.
ತಂತಿಬ್ರಷ್ಷಿನಲ್ಲಿ ಉಜ್ಜು, ತೊಳೆ, ಒರೆಸು,
ಸೀಸ ಮೀನಿನ ಹೊಟ್ಟೆಯ ಹಾಗೆ ಹೊಳೆಯುವವರೆಗೆ.

ಎಷ್ಟು ಸಲ ಹೇಳಿದ್ದೆ ಅವನಿಗೆ,
ತಿಂಗಳಿಗೊಮ್ಮೆಯಾದರೂ ಮುಚ್ಚಳ ತೆಗೆದು ನೋಡು ಅಂತ.
ನಾಳೆ, ಅನ್ನುತ್ತಿದ್ದ.
ಮೂವತ್ತು ವರ್ಷ ಜೆಟ್ಟಿಯಲ್ಲಿ ಟಿಕೆಟ್ ಹರಿದವನು.
ಮುಂದಿನ ದೋಣಿ ಇದ್ದೇ ಇದೆ ಎಂಬ ನಂಬಿಕೆ
ಅವನ ಕಸುಬಿನದು.

ಇಪ್ಪತ್ತನಾಲ್ಕು ಬಾಯಿ. ಒಂದೊಂದಾಗಿ ತೆರೆ.
ಬೀಡಿ ಆರಿಸು ಮೊದಲು, ದಡ್ಡ!
ಬಗ್ಗಿ ನೋಡು: ಹಾಳೆಗಳು ಒಣಗಿ ನಿಂತಿವೆ
ಇಳಿತದಲ್ಲಿ ಮೈ ತೋರುವ ಹವಳದ ಹಾಗೆ.
ಭಟ್ಟಿ ಇಳಿಸಿದ ನೀರೇ ಬೇಕು, ಆ ಕ್ಯಾನಿನದು,
ಇಲ್ಲಿಯ ನಲ್ಲಿಯಲ್ಲಿ ಬರುವುದು ಅರ್ಧ ಸಮುದ್ರ.
ಸಾಕು. ಹಾಳೆ ಮುಳುಗುವಷ್ಟೇ ಈಗ,
ತುಂಬಿಸಿದರೆ ಚಾರ್ಜಾಗುವಾಗ ಉಕ್ಕಿ ಚೆಲ್ಲುತ್ತದೆ.
ಉಳಿದದ್ದು ಬೆಳಗಿನ ಜಾವ.
ತೀರ ಬಾಯಾರಿದವರಿಗೆ ಹಾಗೆಲ್ಲ ಒಮ್ಮೆಗೇ ಕುಡಿಸಬಾರದು.
ಫಿಲಿಬೆರ್ತಾ ಆಸ್ಪತ್ರೆಯಲ್ಲಿ ಹತ್ತಿ ಅದ್ದಿ ಅದ್ದಿ
ಅವನ ತುಟಿಗೆ ಒತ್ತುತ್ತಿದ್ದಳು
ಬಿಡು.
ತಂತಿ ಕಟ್ಟು. ಯಾವುದು ಕೊನೆಗೆ?
ಹ್ಞಾ. ಈಗ ಮೇಲಿಷ್ಟು ವ್ಯಾಸಲೀನ್ ಸವರು.

*

ಜಾವಕ್ಕೆ ಗಾಜಿನ ಕೊಳವೆಯಲ್ಲಿ ಹೀರಿ ನೋಡಿದೆ.
ಇಪ್ಪತ್ಮೂರರಲ್ಲಿ ಬುರುಡೆ ತೇಲಿತು,
ಹದಿನೇಳನೆಯದರಲ್ಲಿ ತಳ ಬಿಟ್ಟು ಏಳಲಿಲ್ಲ.
ಒಂದು ಕೋಣೆ ಸತ್ತರೆ ಉಳಿದವು
ಅದನ್ನೂ ಹೊತ್ತು ನಡೆಯಬೇಕು. ಬೇರೆ ದಾರಿಯಿಲ್ಲ.

ಕೆನ್ರಿಕ್ ಪಕ್ಕದಲ್ಲಿ, ಗಾಡಿ ನಡೆಸಿದವಳು ನಾನು.
ಹಿಂದೆ ಏಳನೆಯ ಪೆಟ್ಟಿಗೆ, ಸಪೊಡಿಲ್ಲಾ ಮರದ್ದು, ಭಾರ.
ಇಡೀ ಊರು ಬರಿಗಾಲಲ್ಲಿ, ಹಾಡುತ್ತ.
ನಾನು ಹಾಡಲಿಲ್ಲ. ಮೀಟರಿನ ಮುಳ್ಳು ನೋಡುತ್ತಿದ್ದೆ.
ಸ್ಮಶಾನದ ಏರಿನಲ್ಲಿ ಮರಳು ಚಕ್ರ ಹಿಡಿಯಿತು,
ಮುಳ್ಳು ಕೆಂಪಿನತ್ತ ವಾಲಿತು.
ಯಾರೋ ಹಿಂದಿನಿಂದ ಕೈ ಕೊಟ್ಟರು, ಮತ್ತೊಬ್ಬರು, ಇನ್ನೊಬ್ಬರು.
ಗಾಡಿ ಏರಿತು.
ಸಮತಟ್ಟು ಸಿಕ್ಕ ಮೇಲೂ
ಆ ಕೈಗಳನ್ನು ಯಾರೂ ತೆಗೆಯಲಿಲ್ಲ.

ಸಂಜೆ ಚಾರ್ಜರಿಗೆ ಸಿಕ್ಕಿಸುವಾಗ ಫಿಲಿಬೆರ್ತಾ ಬಂದು ನಿಂತಳು,
ಕೈಯಲ್ಲಿ ಅವನ ಟಿಕೆಟ್ ಚೀಲ, ಚಿಲ್ಲರೆಯ ಸದ್ದು.
ಹಳೆಯದೂ ಸೇರಿ ಎಷ್ಟಾಯಿತು, ಆನ್ಸೆಲ್ಮಾ?
ಲೆಕ್ಕದ ಪುಸ್ತಕ ಅಲ್ಲೇ ಇತ್ತು, ತೊಡೆಯ ಮೇಲೆ, ಗ್ರೀಸು ಹತ್ತಿ.
ಚಾರ್ಜರು ಗುಂಯ್ಗುಡತೊಡಗಿತು.
ನಾಳೆ, ಅಂದೆ.