ಇನ್ನೊಂದು ಗೆರೆ

ಇನ್ನೂರು ಪುಟದ ಉದ್ದ ನೋಟುಬುಕ್ಕು.
ಮೇಲೆ ‘ಸಮಾಜ ವಿಜ್ಞಾನ’ ಎಂದು ಬರೆದದ್ದು ಅವ್ವನಿಗಾಗಿ.
ಒಳಗೆ ಗಂಜಿ ಹಚ್ಚಿ ಅಂಟಿಸಿದ ಮುಖಗಳು,
ಪೇಪರಿನಿಂದ ಕತ್ತರಿಸಿದ ಅಂಗೈಯಗಲದ ಸೈನಿಕರು.
ಗಂಜಿಯ ರುಚಿಗೆ ಬಂದ ಜಿರಲೆ
ಒಬ್ಬ ಸುಬೇದಾರರ ಮೀಸೆ ತಿಂದಿದೆ.
ಪೆನ್ಸಿಲಿನಲ್ಲಿ ನಾನೇ ತಿದ್ದಿದೆ. ತುಸು ದಪ್ಪವಾಯಿತು,
ಅವರೇನೂ ಬೇಜಾರಾಗಲಿಕ್ಕಿಲ್ಲ.

ಸ್ಕೇಲಿಟ್ಟು ಎಳೆದ ಗೆರೆಗಳ ನಡುವೆ
ಹೆಸರು, ಊರು, ಮಾಡಿದ್ದು, ಪದಕ.
ಹದಿನೇಳರ ಮಗ್ಗಿಯಲ್ಲಿ ಎಡವುವವಳು
ಇದನ್ನು ಮಾತ್ರ ನಿದ್ದೆಯಲ್ಲೂ ಒಪ್ಪಿಸುತ್ತೇನೆ.
ಕೆಲವರ ಮುಂದೆ ‘ಮರಣೋತ್ತರ’ ಎಂದಿರುತ್ತದೆ.
ಆರನೇ ಕ್ಲಾಸಿನಲ್ಲಿ ಅದೊಂದು ಊರು ಅಂದುಕೊಂಡಿದ್ದೆ,
ಕಾಶ್ಮೀರಕ್ಕೂ ಮೇಲೆ, ಬರೀ ಹಿಮ,
ಬಸ್ಸು ಹೋಗದ ಉತ್ತರ.
ನಕಾಶೆಯಲ್ಲಿ ಹುಡುಕಿದ್ದೂ ಉಂಟು.

ನಿನ್ನೆ ಹಟ್ಟಿಗೆ ಅವರು ಬಂದರು,
ಹವಾಲ್ದಾರ ಮೌನೇಶ, ಪುಟ ಇಪ್ಪತ್ತಮೂರು.
ಜೀಪು ಬರುತ್ತದೆಂದು ಆದೆಪ್ಪ ಮಾಸ್ತರರು
ಮುಂದಿನ ಗೇಟಿಗೆ ಬ್ಯಾಂಡಿನವರನ್ನು ನಿಲ್ಲಿಸಿದ್ದರು.
ಅವರು ಹಿಂದಿನ ಗೇಟಿನಲ್ಲಿ ಟಂಟಂ ಇಳಿದು
ಚಿಲ್ಲರೆಗಾಗಿ ಕಾಯುತ್ತಿದ್ದರು.
ಎತ್ತರ ನನ್ನ ಲೆಕ್ಕಕ್ಕಿಂತ ಕಡಿಮೆ.
ಎಡಗೈಯ ಎರಡು ಬೆರಳು ಮಡಚುವುದಿಲ್ಲ.
ಶಾಲು ಹೊದಿಸಿದರು, ಹಾರ ಹಾಕಿದರು,
ಚೆಂಡುಹೂವಿನಡಿ ಪದಕ ಮುಚ್ಚಿಹೋಯಿತು.
ಯಾರಾದರೂ ಸರಿಸಬಾರದೇ ಎಂದು ಜೀವ ಒದ್ದಾಡಿತು.

ಚಿನ್ನದ ಊರಿನ ಮಕ್ಕಳು ನಾವು,
ಅದಿರು ಅರೆದು ಚೆಲ್ಲಿದ ಬೂದಿಗುಡ್ಡದ
ನೆರಳಲ್ಲಿ ಕಬಡ್ಡಿ ಆಡಿದವರು.
ಪತ್ತಾರರ ಯಂಕೋಬ ಕಣ್ಣು ಕಿರಿದು ಮಾಡಿ
“ಬಂಗಾರಲ್ಲದು, ಬೆಳ್ಳಿ” ಎಂದ.
ಅವನ ಕಾಲು ತುಳಿದೆ. ಚೆನ್ನಾಗಿಯೇ ತುಳಿದೆ.

ಮೈಕು ಕಿರುಚಿದಾಗ ಅರ್ಧ ಹೆಜ್ಜೆ ಹಿಂದೆ ಸರಿದರು.
ಜೇಬಿನ ಚೀಟಿ ತೆಗೆದು ಎರಡು ಹೆಸರು ಓದಿದರು.
ಎರಡೂ ತಮ್ಮದಲ್ಲ.
“ಇವರಿಬ್ಬರು ಉಳದಿದ್ರ ಇವತ್ತು ಕರಕೊಂಡು ಬರ್ತಿದ್ದೆ.”
ಚೀಟಿ ಮತ್ತೆ ಜೇಬಿಗೆ ಹೋಯಿತು. ಭಾಷಣ ಅಷ್ಟೇ.
ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯದೆ
ಮೈದಾನವೆಲ್ಲ ಹೆಡ್‌ಮಾಸ್ತರರ ಕೈ ನೋಡಿತು.
‘ಗಾಯಾಳು ಇಬ್ಬರನ್ನು ಹೊತ್ತು ತಂದದ್ದು’
ಎಂದು ಬರೆದಿದ್ದೆ ನಾನು, ಪೇಪರಿನಲ್ಲಿದ್ದ ಹಾಗೇ.
ಆಮೇಲೇನಾಯಿತೆಂದು ಪೇಪರು ಹೇಳಿರಲಿಲ್ಲ,
ನಾನೂ ಕೇಳಿರಲಿಲ್ಲ.

ಪ್ರಶ್ನೆ ಕೇಳುವ ಸರದಿ ನನ್ನದು.
ಮಾಸ್ತರರು ಬರೆದುಕೊಟ್ಟದ್ದು ಅಂಗೈ ಬೆವರಿಗೆ ಕಲಸಿಹೋಗಿ
ಬಾಯಿಗೆ ಬಂದದ್ದು ಕೇಳಿಬಿಟ್ಟೆ:
“ನಿಮಗ ಹೆದರಿಕಿ ಆಗಲಿಲ್ಲೇನ್ರಿ?”

ಗೋಡೆಯಾಚೆ ಗಣಿಯ ಗೋಪುರದ ಚಕ್ರ ತಿರುಗುತ್ತಿತ್ತು,
ಎರಡನೇ ಪಾಳಿ ಇಳಿಯುವ ಹೊತ್ತು.
ಅದನ್ನೇ ನೋಡುತ್ತ ಹೇಳಿದರು:
“ನಮ್ಮಪ್ಪ ಇದ ಗಣ್ಯಾಗ ದುಡದಾಂವ.
ನನಗೂ ಅಲ್ಲೇ ಕೆಲಸ ಹಚ್ಚಿದ್ದ.
ಒಂದ ದಿನ ಕೇಜಿನಾಗ ಇಳದೆ ನೋಡವಾ,
ಕತ್ತಲಿ ಬಾಯಾಗ ಹೊಕ್ಕಂಗಾತು.
ಮರುದಿನ ಓಡಿಹೋಗಿ ಮಿಲಿಟ್ರಿ ಸೇರಿದೆ.
ಇವತ್ತಿಗೂ ಲಿಫ್ಟ್ ಹತ್ತಂಗಿಲ್ಲ, ಮೆಟ್ಟಲಾ.”

ಮಕ್ಕಳು ನಕ್ಕರು.
ಹಿಂದೆ ಕಾಂಪೌಂಡಿಗೆ ಒರಗಿ ನಿಂತ ಗಣಿಯವರು ನಗಲಿಲ್ಲ.
ಅವರ ನಡುವೆ ಅಪ್ಪ,
ರೆಪ್ಪೆಯಂಚಿಗೆ ಇನ್ನೂ ರಾತ್ರಿಪಾಳಿಯ ಧೂಳು,
ಸಣ್ಣಗೆ ತಲೆಯಾಡಿಸಿದ,
ಸಂತೆಯಲ್ಲಿ ಗುರುತಿನವರನ್ನು ಕಂಡ ಹಾಗೆ.

ರಾತ್ರಿ ಸ್ಕೇಲಿಟ್ಟು ಇನ್ನೊಂದು ಗೆರೆ ಎಳೆದೆ.
ತಲೆಬರಹ: ಹೆದರಿಕೆ.
ಪುಟ ಇಪ್ಪತ್ತಮೂರಕ್ಕೆ ಬರೆದೆ: ಕೇಜು, ಕತ್ತಲು, ಲಿಫ್ಟು.
ಸುಬೇದಾರರಿಗೆ ಕಾಗದ ಹಾಕಿ ಕೇಳಬೇಕು,
ಮೀಸೆಯ ಸುದ್ದಿ ಎತ್ತದೆ.
ಮರಣೋತ್ತರದವರ ಸಾಲಿಗೆ ಬಂದಾಗ ಪೆನ್ನು ನಿಂತಿತು.
ಇವರನ್ನು ಕೇಳುವುದು ಹೇಗೆ?
ಹೆಸರಿನಲ್ಲೇ ಉತ್ತರ ಇಟ್ಟುಕೊಂಡು
ಒಬ್ಬರೂ ಬಾಯಿ ಬಿಡುತ್ತಿಲ್ಲ.
ಅಡ್ಡಗೆರೆ ಹೊಡೆಯಲು ಮನಸ್ಸಾಗದೆ
ಹಾಗೇ ಖಾಲಿ ಬಿಟ್ಟೆ.

ಸೈರನ್ನು ಕೂಗಿತು. ಅಪ್ಪ ಬೂಟಿನ ದಾರ ಬಿಗಿಯುತ್ತಿದ್ದ.
ಕೇಳಬೇಕೆಂದು ಬಾಗಿಲತನಕ ಹೋದೆ.
“ಬುತ್ತಿ ತಗೊಂಡಿಯೇನಪಾ” ಅಂದೆ.