ಮೂರು ಬೆರಳು

ತಾಸೀಲಕ್ಕಿಗೆ ಹಲ್ಲಿನ ಡಾಕ್ಟರು ಬರುವುದು
ಕೊಲ್ಲಿಯ ಹಿಮಗಡ್ಡೆ ದಾರಿ ಬಿಟ್ಟಾಗ.
ಬಂದವನು ಅಮ್ಮನ ದವಡೆಹಲ್ಲು ಕಿತ್ತ.
ನೋವು ಹೋಗಲಿಲ್ಲ. ಪಕ್ಕದ್ದೂ ಕಿತ್ತ.
ಒಳ್ಳೆಯ ಹಲ್ಲುಗಳವು, ಸೀಲಿನ ತೊಗಲನ್ನು
ಅಗಿದಗಿದು ಮೆತ್ತಗೆ ಮಾಡಿ
ಆರು ಮಕ್ಕಳಿಗೆ ಬೂಟು ಹೊಲಿದವು.
ಸವೆದಿದ್ದವು, ಅಷ್ಟೇ.

ಬಾವು ಇದ್ದದ್ದು ಕಿವಿಯ ಮುಂದೆ,
ಬಾಯಿಯ ಬಾಗಿಲಿಗೆ ತಿರುಗಣಿಯಂತಿರುವ ಕೀಲಿನಲ್ಲಿ.
ಕೆಂಪಿಲ್ಲ, ಬಿಸಿಯಿಲ್ಲ.
ಮುಟ್ಟಿದರೆ ನಾದಿಟ್ಟ ಹಿಟ್ಟು.

"ಬಾಯಿ ಬಿಡು, ಅಬೆಲೋನೆ," ಎಂದಳು ನರ್ಸು.
ಒಂದು ಬೆರಳು ಹೋಯಿತು, ಅದೂ ತಿಣುಕಿ.
"ಮನೆಯಲ್ಲಿ ಯಾರಿಗಾದರೂ ಕ್ಷಯ ಇತ್ತೇ?"
ಅಮ್ಮ ಮೂಗು ಸುಕ್ಕಿಸಿದಳು.
ನಮ್ಮಲ್ಲಿ ಹಾಗೆಂದರೆ ಇಲ್ಲ.
ಹುಬ್ಬು ಎತ್ತಿದರೆ ಹೌದು.
ಬಾಯಿ ಬಿಡದೆಯೂ ಒಂದು ಚಳಿಗಾಲ
ಸಂಸಾರ ನಡೆಸಬಹುದು ನಮ್ಮ ಕಡೆ.
ನಡೆಸಿದಳು: ಸೂಪು, ಹುಬ್ಬು, ಮೂಗು.

ಸೂಜಿಯಲ್ಲಿ ಎಳೆದದ್ದು ನೂಕ್‌ಗೆ ಹೋಯಿತು.
ಹೆಲಿಕಾಪ್ಟರಿಗೆ ಮಂಜು, ಉತ್ತರಕ್ಕೆ ಎಂಟು ವಾರ.
ಕ್ಷಯ, ಎಂದಿತು ಕಾಗದ.
ಎದೆ ಸ್ವಚ್ಛ, ಹಳೆಯದೊಂದು ಸುಣ್ಣದ ಚುಕ್ಕೆ ಬಿಟ್ಟರೆ,
ಮರಿಮೀನಿನ ಕಣ್ಣಿನಷ್ಟು.

ಆ ಚುಕ್ಕೆಯನ್ನು ಅಮ್ಮ ಬಹಳ ಹೊತ್ತು ನೋಡಿದಳು.
ನರ್ಸು ಮತ್ತೆ ಕೇಳಿದಳು.
ಹುಬ್ಬು ಮೆಲ್ಲಗೆ ಎದ್ದಿತು.

ಮಾತ್ರೆಗಳು ನಾಲ್ಕು ಬಗೆ, ನರ್ಸಿನ ಕಣ್ಣೆದುರೇ,
ಪುಡಿ ಮಾಡಿ, ಚಮಚದಲ್ಲಿ.
ಹಿಮದ ಮೇಲೆ ಕಿತ್ತಳೆ ಬಣ್ಣದ ಮೂತ್ರ,
ಮೂಸಿ ಮೂಸಿ ಹಿಂದೆ ಸರಿದ ನಾಯಿಗಳು.

ಎರಡನೇ ಬೆರಳು ಹೋದ ದಿನ
ಒಂದು ಹೆಸರು ಹೊರಬಂತು: ಎಫ್ರಾಯಿಮ್.
ಅಣ್ಣನಂತೆ. ಅವನಿಗೆ ಹನ್ನೊಂದು, ಇವಳಿಗೆ ಐದು.
ಒಂದೇ ಹೊದಿಕೆ, ಒಂದೇ ಕೆಮ್ಮು.
ಬಿಳಿ ಹಡಗು ಬಂತು, ಊರಿನ ಎದೆಗಳ ಚಿತ್ರ ತೆಗೆಯಿತು,
ಅವನನ್ನು ಡೆನ್ಮಾರ್ಕಿಗೆ ಒಯ್ದಿತು.
ಅಷ್ಟೇ ಹೇಳಿದಳು.
ಐವತ್ತು ವರ್ಷದಿಂದ ನಾನವಳ ಮಗಳು.
ಅವಳಿಗೊಬ್ಬ ಅಣ್ಣನಿದ್ದದ್ದು
ದವಡೆಗೆ ಗೊತ್ತಿತ್ತು, ನನಗಲ್ಲ.

ಸತ್ತವರ ಹೆಸರನ್ನು ನಾವು ಹುಟ್ಟಿದವರಿಗೆ ಇಡುತ್ತೇವೆ.
ನಮ್ಮ ಮನೆಯಲ್ಲಿ ಎಫ್ರಾಯಿಮ್ ಯಾರೂ ಇಲ್ಲ.
ಸತ್ತನೆಂಬ ಕಾಗದ ಬರಲೇ ಇಲ್ಲವಂತೆ.

ಮೊನ್ನೆ ಮೂರನೇ ಬೆರಳೂ ಹೋಯಿತು.
"ಗೆದ್ದೆ ಅಬೆಲೋನೆ, ಇನ್ನು ಮುಚ್ಚು," ಎನ್ನುತ್ತ
ನರ್ಸು ಕೈ ತೆಗೆಯುವಷ್ಟರಲ್ಲಿ
ಕಚ್ಚಿಬಿಟ್ಟಳು.
ಕೂಗು ಕೇಳಿ ನಾನು ಒಳಗೆ ಓಡಿದೆ.
ಬೇಕೆಂದೇ ಕಚ್ಚಿದೆಯಾ ಅಮ್ಮಾ?

ಎರಡೂ ಹುಬ್ಬು ಮೇಲೆ.